ಶೈಲಿ ಕೈಪಿಡಿ: ಎಲ್ಲಿ ಬಿಗಿ ಹಿಡಿಯಬೇಕು, ಎಲ್ಲಿ ಸಡಿಲ ಬಿಡಬೇಕು

ಸಂಪಾದನೆಯ ಕೆಲಸಕ್ಕೆ ಸೇರಿದ ಮೊದಲ ವರ್ಷ ನನ್ನ ಮೇಜಿಗೆ ಒಂದು ಸಣ್ಣಕತೆ ಬಂತು. ಅದರಲ್ಲಿ ಒಬ್ಬ ಅಜ್ಜಿ ಮೊಮ್ಮಗಳಿಗೆ ಹೇಳುತ್ತಾಳೆ: 'ನಾ ಬತ್ತೀನಿ ಕಣವ್ವ, ನೀ ಮುಂದ್ಕೋಗು.' ಕ್ರಿಯಾಪದಗಳು ಪೂರ್ಣ ರೂಪದಲ್ಲಿರಬೇಕು ಅಂತ ನಮ್ಮ ಶೈಲಿ ಕೈಪಿಡಿಯಲ್ಲಿ, ಅಂದರೆ ಬರಹ ಹೇಗಿರಬೇಕು ಅನ್ನುವ ನಿಯಮಗಳ ಪುಸ್ತಕದಲ್ಲಿ ಇತ್ತು. ನಾನು ತಿದ್ದಿದೆ: 'ನಾನು ಬರುತ್ತೇನಮ್ಮ, ನೀನು ಮುಂದೆ ಹೋಗು.' ಪ್ರೂಫ್ ನೋಡಿದ ಕತೆಗಾರರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. 'ಈ ಅಜ್ಜಿ ಯಾರು? ನನ್ನ ಕತೆಯಲ್ಲಿ ಇವರು ಇರಲಿಲ್ಲವಲ್ಲ' ಅಂದರು.

ನಿಯಮದ ಪ್ರಕಾರ ನನ್ನ ತಿದ್ದುಪಡಿ ಸರಿಯಾಗಿಯೇ ಇತ್ತು. ಆದರೆ ಅಜ್ಜಿಯ ಬಾಯಿಂದ ಅವಳ ಮಾತನ್ನೇ ಕಿತ್ತುಕೊಂಡಿದ್ದೆ. ಆಮೇಲೆ ಸುದ್ದಿ, ಪುಸ್ತಕ, ಔಷಧಿಯ ಮಾಹಿತಿ ಪತ್ರ, ಹೀಗೆ ಬೇರೆ ಬೇರೆ ಕಾಪಿಗಳನ್ನು ತಿದ್ದಿದ್ದೇನೆ. ನಿಯಮಕ್ಕೂ ಮುಂದಿರುವ ವಾಕ್ಯಕ್ಕೂ ಜಗಳ ಬಂದಾಗ ನಾನು ಏನು ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಿಕೊಳ್ಳಬೇಕಾದದ್ದು: ಈ ನಿಯಮ ಯಾಕೆ ಬಂತು? ಕೈಪಿಡಿಗಳು ಸಾಮಾನ್ಯವಾಗಿ ಕಾರಣ ಹೇಳುವುದಿಲ್ಲ. ನೀವೇ ಹುಡುಕಬೇಕು, ಇಲ್ಲವೇ ಹಿರಿಯರನ್ನು ಕೇಳಬೇಕು. ಕೆಲವು ನಿಯಮಗಳು ಓದುಗರು ತಪ್ಪಾಗಿ ತಿಳಿಯದಿರಲಿ ಅಂತ ಬಂದಿರುತ್ತವೆ. ಕೆಲವು ಎರಡು ಸರಿಯಾದ ರೂಪಗಳಲ್ಲಿ ಒಂದನ್ನು ಆರಿಸಿ ಕೊಟ್ಟಿರುತ್ತವೆ, ಅಷ್ಟೇ. ಇನ್ನು ಕೆಲವು ಯಾವಾಗಲೋ ಇದ್ದ ಒಬ್ಬ ಸಂಪಾದಕರ ಇಷ್ಟ. ಕಾರಣ ಗೊತ್ತಾಗುವ ತನಕ ನಿಯಮವನ್ನು ಮುಟ್ಟಬೇಡಿ. ಗೊತ್ತಾದ ಮೇಲೆ ಅರ್ಧ ಕೆಲಸ ಮುಗಿದ ಹಾಗೆ.

ಎರಡರಲ್ಲಿ ಒಂದನ್ನು ಆರಿಸಿ ಕೊಡುವ ನಿಯಮಗಳನ್ನು ಕಣ್ಣು ಮುಚ್ಚಿ ಪಾಲಿಸಿ. 'ಬಸ್' ಅಥವಾ 'ಬಸ್ಸು', 'ಶೇ 10' ಅಥವಾ '10%', ಇವುಗಳಲ್ಲಿ ಯಾವುದೂ ತಪ್ಪಲ್ಲ. ಹಾಗಾಗಿ ವಾದ ಮಾಡಿ ಗೆಲ್ಲುವುದೂ ಏನಿಲ್ಲ. ಹೊಸದಾಗಿ ಬಂದವರು ಇಲ್ಲೇ ಜಾಸ್ತಿ ಶಕ್ತಿ ಕಳೆದುಕೊಳ್ಳುವುದನ್ನು ನೋಡಿದ್ದೇನೆ. ಈಗಂತೂ ಒಂದೇ ರೂಪ ಇಟ್ಟುಕೊಳ್ಳಲು ಇನ್ನೊಂದು ಕಾರಣವೂ ಇದೆ. ಒಂದೇ ಪುಸ್ತಕದಲ್ಲಿ 'ಇಂಟರ್ನೆಟ್', 'ಇಂಟರ್‌ನೆಟ್', 'ಅಂತರ್ಜಾಲ' ಮೂರೂ ಇದ್ದರೆ, ಒಂದನ್ನು ಟೈಪ್ ಮಾಡಿ ಹುಡುಕಿದವರಿಗೆ ಉಳಿದೆರಡು ಸಿಗದೇ ಹೋಗಬಹುದು. ಆ ವಿಷಯ ಪುಸ್ತಕದಲ್ಲಿ ಅಷ್ಟೇ ಇರುವುದು ಅಂದುಕೊಂಡು ಅವರು ಮುಚ್ಚಿಡುತ್ತಾರೆ.

ಅಂಕಿಗಳ ವಿಷಯ ಸ್ವಲ್ಪ ಬೇರೆ. ಅಮೆರಿಕದ ಸುದ್ದಿಮನೆಗಳು ಬಳಸುವ ಎಪಿ (ಅಸೋಸಿಯೇಟೆಡ್ ಪ್ರೆಸ್) ಸ್ಟೈಲ್‌ಬುಕ್ ಸಾಮಾನ್ಯವಾಗಿ ಒಂಬತ್ತರವರೆಗೆ ಅಕ್ಷರದಲ್ಲಿ, 10ರಿಂದ ಅಂಕಿಯಲ್ಲಿ ಬರೆಯಿರಿ ಅನ್ನುತ್ತದೆ. ಪುಸ್ತಕ ಪ್ರಕಾಶಕರು ನೆಚ್ಚಿಕೊಂಡಿರುವ ಶಿಕಾಗೊ ಮ್ಯಾನ್ಯುಯಲ್ ಆಫ್ ಸ್ಟೈಲ್ ಸಾಮಾನ್ಯ ಬರಹದಲ್ಲಿ ನೂರರವರೆಗೂ ಅಕ್ಷರದಲ್ಲೇ ಬರೆಯಲು ಹೇಳುತ್ತದೆ. ಇಷ್ಟು ಹೆಸರಿರುವ ಎರಡು ಕೈಪಿಡಿಗಳೇ ಒಪ್ಪುವುದಿಲ್ಲ ಅಂದಮೇಲೆ ಇಲ್ಲಿ ಸತ್ಯಕ್ಕಿಂತ ಒಪ್ಪಂದ ಜಾಸ್ತಿ, ಅಲ್ವಾ? ನಾನು ಒಂಬತ್ತರ ನಿಯಮ ಪಾಲಿಸುತ್ತೇನೆ. ಆದರೆ 'ಎಂಟರಿಂದ 12 ವರ್ಷದ ಮಕ್ಕಳು' ಅಂತ ಬಂದಾಗ ಕಣ್ಣು ಎಡವುತ್ತದೆ. '8ರಿಂದ 12 ವರ್ಷದ ಮಕ್ಕಳು' ಅಂತ ಮಾಡುತ್ತೇನೆ. ನೋಡಿದರೆ, ವಯಸ್ಸನ್ನು ಯಾವಾಗಲೂ ಅಂಕಿಯಲ್ಲೇ ಬರೆಯಿರಿ ಅಂತ ಎಪಿಯೇ ಹೇಳುತ್ತದೆ. ಹಾಗಾಗಿ ನಿಯಮ ಮುರಿಯುವ ಮುಂಚೆ ಕೈಪಿಡಿಯ ಮುಂದಿನ ಎರಡು ಪುಟ ಓದಿ. ನೀವು ಬೇಡುತ್ತಿರುವ ವಿನಾಯಿತಿ ಅಲ್ಲೇ ಇರಬಹುದು.

ಔಷಧಿಯ ಪ್ರಮಾಣ ಬರೆಯುವಾಗ ಮಾತ್ರ ಯಾವ ಸಡಿಲವೂ ಇಲ್ಲ. '0.5 ಮಿಲಿಗ್ರಾಂ' ಅಂತಲೇ ಬರೆಯಬೇಕು. ಮೊದಲಿನ ಸೊನ್ನೆ ಬಿಟ್ಟು '.5' ಅಂತ ಬರೆದರೆ ಚುಕ್ಕಿ ಕಾಣದೆ 5 ಅಂತ ಓದುವ ಅಪಾಯವಿದೆ. ಅದು ಹತ್ತು ಪಟ್ಟು. '5.0' ಅಂತ ಬರೆದರೆ 50 ಆಗಬಹುದು. ಆದರೆ ಅದೇ '5.0' ವಿಜ್ಞಾನದ ಕೋಷ್ಟಕದಲ್ಲಿ ಬಂದಾಗ ಸೊನ್ನೆ ಕಿತ್ತು ಹಾಕಬಾರದು. ಅಳತೆ ಎಷ್ಟು ನಿಖರ ಅನ್ನುವುದನ್ನು ಅಲ್ಲಿ ಆ ಸೊನ್ನೆಯೇ ಹೇಳುತ್ತದೆ. ಗುರುತು ಒಂದೇ ಆದರೂ ಓದುವವರು ಬೇರೆ, ಹಾಗಾಗಿ ನಿಯಮವೂ ಬೇರೆ. ಜನರ ಹೆಸರು, ಉದ್ಧರಣೆ ಚಿಹ್ನೆಯೊಳಗಿನ ಮಾತು, ಇವೆರಡನ್ನೂ ಕೈಪಿಡಿಗೆ ಹೊಂದಿಸಲು ಹೋಗಬೇಡಿ. ಒಬ್ಬರು ತಮ್ಮ ಹೆಸರನ್ನು ಹೇಗೆ ಬರೆದುಕೊಳ್ಳುತ್ತಾರೋ ಹಾಗೆಯೇ ಬರೆಯಬೇಕು.

ನಿಯಮ ಪಾಲಿಸಿದ್ದರಿಂದಲೇ ತೊಂದರೆಯಾದ ಪ್ರಸಂಗ ಒಂದಿದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಕಾನೂನಿನ ಕರಡು ಬರೆಯುವವರಿಗೆ ಒಂದು ಕೈಪಿಡಿ ಇದೆ. ಪಟ್ಟಿಯ ಕೊನೆಯ ಎರಡು ಅಂಶಗಳ ನಡುವೆ ಅಲ್ಪವಿರಾಮ ಹಾಕಬೇಡಿ ಅನ್ನುತ್ತಿತ್ತು ಅದು. ಅಲ್ಲಿನ ಕಾನೂನು, ಬೇಗ ಕೆಡುವ ಆಹಾರದ ಕೆಲವು ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಅಂತ ಪಟ್ಟಿ ಮಾಡಿತ್ತು. ಪಟ್ಟಿಯ ಕೊನೆ ಹೇಗಿತ್ತೆಂದರೆ, 'ಸಾಗಣೆಗೆ ಅಥವಾ ವಿತರಣೆಗೆ ಪ್ಯಾಕ್ ಮಾಡುವುದು' ಅಂತಲೂ ಓದಬಹುದಿತ್ತು, 'ಸಾಗಣೆಗೆ ಪ್ಯಾಕ್ ಮಾಡುವುದು ಅಥವಾ ವಿತರಿಸುವುದು' ಅಂತಲೂ ಓದಬಹುದಿತ್ತು. ಡೇರಿಯೊಂದರ ಚಾಲಕರು ಹಾಲು ವಿತರಿಸುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. ಮೊದಲ ಥರ ಓದಿದರೆ ಬರೀ ವಿತರಣೆ ಆ ಪಟ್ಟಿಯಲ್ಲೇ ಇಲ್ಲ ಅಂತ ಅವರು ಓವರ್‌ಟೈಮ್ ಕೇಳಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ವಾಕ್ಯ ಅಸ್ಪಷ್ಟ ಅಂತ ಹೇಳಿ ಚಾಲಕರ ಪರ ನಿಂತಿತು. ಮರುವರ್ಷ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ನನಗೆ ಮುಖ್ಯ ಅನಿಸುವ ವಿಷಯ ಇನ್ನೊಂದು. ಪಟ್ಟಿಯ ಅಂಶಕ್ಕೆ ವಿಶೇಷಣ ಸೇರಿದ್ದರೆ ಎಚ್ಚರವಿರಲಿ ಅಂತ ಅದೇ ಕೈಪಿಡಿ ಹೇಳಿತ್ತು, ಗೊಂದಲ ತಪ್ಪಿಸಲು ಉದಾಹರಣೆಗಳನ್ನೂ ಕೊಟ್ಟಿತ್ತು.

ಎರಡು ಅರ್ಥ ಬರುವ ವಾಕ್ಯ ಸಿಕ್ಕಾಗ ನಾನು ಅಲ್ಪವಿರಾಮ ಹಾಕುವುದೋ ಬಿಡುವುದೋ ಅಂತ ಒದ್ದಾಡುವುದಿಲ್ಲ. ವಾಕ್ಯವನ್ನೇ ಬೇರೆ ಥರ ಕಟ್ಟುತ್ತೇನೆ. ಆಗ ನಿಯಮವೂ ಉಳಿಯುತ್ತದೆ, ಅರ್ಥವೂ ಉಳಿಯುತ್ತದೆ. ಸಡಿಲಿಸುವ ಮುಂಚೆ ಈ ದಾರಿ ಇದೆಯಾ ಅಂತ ಯಾವಾಗಲೂ ನೋಡಿ. 'ಮಾಡಲಾಯಿತು' ಬೇಡ ಅನ್ನುವ ನಿಯಮಕ್ಕೂ ಇದೇ ಮಾತು. 'ತೀರ್ಮಾನ ಕೈಗೊಳ್ಳಲಾಯಿತು' ಅಂತಿದ್ದರೆ ಕೈಗೊಂಡವರು ಯಾರು ಅಂತ ಕೇಳಿ, ಅವರನ್ನೇ ಕರ್ತೃ ಮಾಡಿ. 'ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಲಾಯಿತು' ಅನ್ನುವಲ್ಲಿ ಸೇರಿಸಿದವರು ಯಾರು ಅನ್ನುವುದು ಓದುಗರಿಗೆ ಬೇಕಿಲ್ಲ. ಅದು ಹಾಗೇ ಇರಲಿ.

ಈಗ ನನಗೆ ತುಂಬಾ ಕಷ್ಟವಾದ ಜಾಗಕ್ಕೆ ಬರುತ್ತೇನೆ. ನಾನು ಕೆಲಸ ಮಾಡಿದ ಒಂದು ಕಡೆ ಆರೋಪಿಗೆ ಏಕವಚನ, ಉಳಿದವರಿಗೆ ಬಹುವಚನ ಅನ್ನುವ ನಿಯಮವಿತ್ತು. 'ಅಧಿಕಾರಿ ಹೇಳಿದರು', 'ಆರೋಪಿ ಹೇಳಿದ.' ಆರೋಪ ಇನ್ನೂ ಸಾಬೀತಾಗಿರುವುದಿಲ್ಲ. ಆದರೆ ನಮ್ಮ ಕ್ರಿಯಾಪದ ಆಗಲೇ ತೀರ್ಪು ಕೊಟ್ಟಿರುತ್ತದೆ. ನನಗೆ ಅದು ಸಹಿಸಲಾಗಲಿಲ್ಲ. ಒಂದು ದಿನ ಒಂದು ವರದಿಯಲ್ಲಿ ಸುಮ್ನೆ 'ಹೇಳಿದರು' ಅಂತ ಮಾಡಿಬಿಟ್ಟೆ. ಈ ಒಬ್ಬರಿಗೆ ಮಾತ್ರ ಯಾಕೆ ಮರ್ಯಾದೆ, ನೀವು ಅವರ ಪರವಾ ಅಂತ ಓದುಗರೊಬ್ಬರು ಕೇಳಿದರು. ಅವರು ಕೇಳಿದ್ದು ಸರಿ. ಪಕ್ಕದ ಕಾಲಂನಲ್ಲೇ ಇನ್ನೊಬ್ಬ ಆರೋಪಿ 'ಹೇಳಿದ' ಆಗಿಯೇ ಇದ್ದ. ಒಂದೇ ಕಡೆ ಸಡಿಲಿಸಿದ್ದರಿಂದ ನಾನು ಹೇಳದ ಅರ್ಥವೊಂದು ಅಲ್ಲಿ ಹುಟ್ಟಿತ್ತು.

ಆಗ ತಿಳಿದದ್ದು ಇದು: ತೊಂದರೆ ಒಂದು ವಾಕ್ಯದಲ್ಲಿದ್ದರೆ ಆ ವಾಕ್ಯದಲ್ಲಿ ಸಡಿಲಿಸಬಹುದು. ತೊಂದರೆ ನಿಯಮದಲ್ಲೇ ಇದ್ದರೆ ಕದ್ದು ಮುರಿಯಬಾರದು, ನಿಯಮವನ್ನೇ ಬದಲಿಸಲು ಕೇಳಬೇಕು. ಕೇಳುವಾಗ ಅಭಿಪ್ರಾಯ ಹೊತ್ತುಕೊಂಡು ಹೋಗಬೇಡಿ, ವಾಕ್ಯಗಳನ್ನು ಒಯ್ಯಿರಿ. ನಾನು ಎರಡು ವಾರದ ವರದಿಗಳಿಂದ ಅಂಥ ವಾಕ್ಯಗಳನ್ನು ಕತ್ತರಿಸಿ ಒಂದು ಹಾಳೆಗೆ ಅಂಟಿಸಿ ಮುಖ್ಯಸ್ಥರ ಮುಂದೆ ಇಟ್ಟೆ. 'ವೈದ್ಯರು ಬಂದರು, ಕಸ ಗುಡಿಸುವವನು ಬಂದ' ಅನ್ನುವಂಥವೂ ಅದರಲ್ಲಿದ್ದವು. ಅದು ಯಾವ ಕೈಪಿಡಿಯಲ್ಲೂ ಇರಲಿಲ್ಲ, ನಮ್ಮ ಕೈಗೆ ಅಂಟಿದ್ದ ಅಭ್ಯಾಸ. ಎಲ್ಲರಿಗೂ ಬಹುವಚನ ಅಂತ ತೀರ್ಮಾನವಾಗಲು ಕೆಲವು ತಿಂಗಳು ಹಿಡಿಯಿತು.

ಕೈಪಿಡಿಗಳು ಬದಲಾಗುವುದೂ ಹೀಗೆಯೇ. 'ಇಮೇಲ್' ಪದದ ಇಂಗ್ಲಿಷ್ ಕಾಗುಣಿತದಲ್ಲಿದ್ದ ಅಡ್ಡಗೆರೆಯನ್ನು ಎಪಿ 2011ರಲ್ಲಿ ಕೈಬಿಟ್ಟಿತು. 'ಇಂಟರ್ನೆಟ್' ಪದದ ಮೊದಲ ದೊಡ್ಡಕ್ಷರವನ್ನು 2016ರಲ್ಲಿ ಸಣ್ಣದು ಮಾಡಿತು. ಶಿಕಾಗೊ ಕೈಪಿಡಿ ಮೊದಲು ಬಂದದ್ದು 1906ರಲ್ಲಿ. 2024ರಲ್ಲಿ ಅದರ 18ನೇ ಆವೃತ್ತಿ ಬಂತು. ಈ ನಿಯಮಗಳು ಕಲ್ಲಿನಂಥ ಕಾನೂನಲ್ಲ, ಸಾಮಾನ್ಯ ಸಂದರ್ಭಕ್ಕೆ ಬರೆದವು, ಸ್ವಲ್ಪ ಹಿಗ್ಗಿಸಿ ಕುಗ್ಗಿಸಿ ಬಳಸಬೇಕು ಅನ್ನುವ ಅರ್ಥದ ಮಾತು ಅದರ ಮೊದಲ ಮುನ್ನುಡಿಯಲ್ಲೇ ಇದೆ.

ಸಡಿಲಿಸಿದ್ದನ್ನು ಬರೆದಿಡಿ. ಪ್ರತಿ ಪುಸ್ತಕಕ್ಕೂ ನಾನು ಒಂದು ಸ್ಟೈಲ್ ಶೀಟ್ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಮೂರು ವಿಷಯ ಸಾಕು: ಏನು ಬದಲಿಸಿದೆ, ಎಲ್ಲೆಲ್ಲಿ, ಯಾಕೆ. ಇವತ್ತು ಆ ಅಜ್ಜಿಯ ಕತೆ ಬಂದರೆ ಹೀಗೆ ಬರೆಯುತ್ತೇನೆ: 'ಅಜ್ಜಿಯ ಮಾತು ಕತೆಗಾರರು ಬರೆದಂತೆ. ಹಕಾರ ಬಿಟ್ಟಲ್ಲಿ ಸೇರಿಸಬಾರದು. ನಿರೂಪಣೆ ಕೈಪಿಡಿಯಂತೆ.' ನನ್ನ ನಂತರ ಪ್ರೂಫ್ ನೋಡುವವರಿಗೆ ಇಷ್ಟು ಸಿಕ್ಕರೆ ಅವರು ಮತ್ತೆ 'ಸರಿ' ಮಾಡಲು ಹೋಗುವುದಿಲ್ಲ. ಆಡುಮಾತಿಗೂ ಅದರದ್ದೇ ಕ್ರಮ ಇರುತ್ತದೆ ಅನ್ನುವುದು ನೆನಪಿರಲಿ. ಮೂರನೇ ಪುಟದಲ್ಲಿ 'ಬತ್ತೀನಿ' ಅಂದವಳು ನಲವತ್ತನೇ ಪುಟದಲ್ಲಿ 'ಬರ್ತೀನಿ' ಅಂದರೆ ಗುರುತು ಹಾಕಿ ಕತೆಗಾರರನ್ನು ಕೇಳಿ. ಕೈತಪ್ಪು ಇರಬಹುದು. ಅಲ್ಲಿ ಅವಳು ಅಧಿಕಾರಿಯೊಬ್ಬರ ಎದುರು ನಿಂತು ಮಾತು ತಿದ್ದಿಕೊಂಡಿರಲೂಬಹುದು.

ಬರೆಯುವವರಿಗೂ ಒಂದು ಮಾತು. ನಿಯಮವನ್ನು ಬೇಕೆಂದೇ ಮೀರಿದ್ದರೆ ಕಾಪಿ ಕಳಿಸುವಾಗಲೇ ಹೇಳಿಬಿಡಿ. 'ಅಜ್ಜಿಯ ಮಾತುಗಳು ಹೀಗೇ ಇರಲಿ, ಉಳಿದದ್ದನ್ನು ನಿಮ್ಮ ಕೈಪಿಡಿಯಂತೆ ತಿದ್ದಿ' ಅಂತ ಮೊದಲ ಪುಟದ ಮೇಲೆ ಒಂದು ಸಾಲು ಬರೆದರೆ ಸಾಕು. ಸಂಪಾದಕರಿಗೆ ಅನುಮಾನ ಬಂದರೆ ತಿದ್ದುವ ಮುಂಚೆ ನಿಮಗೆ ಫೋನ್ ಮಾಡುತ್ತಾರೆ.