ಒಂದು ಕಪ್ ಹಣ್ಣು ಎಂದರೆ ಎಷ್ಟು ಗ್ರಾಂ?

ಬನ್ಸ್ ಎಣ್ಣೆ ಹೀರುವುದು, ಬಾಳೆಹಣ್ಣಿನ ಕೇಕ್ ಬೆಂದ ಮೇಲೂ ಒಳಗೆ ಅಂಟಂಟಾಗಿ ಉಳಿಯುವುದು, ಜಾಮ್ ಬೇಗನೆ ಬೂಷ್ಟು ಹಿಡಿಯುವುದು: ಮೂರಕ್ಕೂ ಬಹಳ ಸಲ ಕಾರಣ ಹಣ್ಣಿನ ಅಳತೆಯೇ. ಸೀಕರಣೆಗೆ, ಲಸ್ಸಿಗೆ ಕಣ್ಣಂದಾಜು ಸಾಕು. ಹಿಟ್ಟು ಅಥವಾ ಸಕ್ಕರೆಯ ಜೊತೆ ಹದ ಕೂಡಬೇಕಾದ ಕಡೆ ಅಂದಾಜು ನಡೆಯುವುದಿಲ್ಲ.

1. ನಿಮ್ಮ ಕಪ್ ಎಷ್ಟು ದೊಡ್ಡದೆಂದು ತಿಳಿಯಿರಿ. ಖಾಲಿ ಕಪ್ಪನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಅಂಚಿನವರೆಗೆ ನೀರು ತುಂಬಿ. ತೋರಿಸಿದಷ್ಟು ಗ್ರಾಮೇ ಅದರ ಮಿಲಿಲೀಟರ್. ಅಮೆರಿಕದ ಕಪ್ ಸುಮಾರು 240, ಮೆಟ್ರಿಕ್ ಕಪ್ 250. ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ರೈಸ್ ಕುಕ್ಕರ್ ಜೊತೆ ಬರುವ ಕಪ್ ಮಾತ್ರ ಸಾಮಾನ್ಯವಾಗಿ 180. ಅದನ್ನು ಬಳಸಿದರೆ ಕಾಲು ಭಾಗ ಕಡಿಮೆ ಬೀಳುತ್ತದೆ. ಅಗ್ಗದ ಪ್ಲಾಸ್ಟಿಕ್ ಕಪ್ಪುಗಳ ಗೆರೆಗಳನ್ನು ಈ ನೀರಿನ ಪರೀಕ್ಷೆ ಆಗುವವರೆಗೆ ನಂಬಬೇಡಿ.

2. ಹಣ್ಣು ಯಾವ ರೂಪದಲ್ಲಿದೆ ಎಂದು ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಹೋಳುಗಳ ನಡುವೆ ಗಾಳಿ ಇರುತ್ತದೆ, ಕಿವುಚಿದರೆ ಅದು ಹೋಗುತ್ತದೆ. 240 ಮಿ.ಲೀ. ಕಪ್ಪಿನಲ್ಲಿ ಬಿಲ್ಲೆ ಹೆಚ್ಚಿದ ಬಾಳೆಹಣ್ಣು ಸುಮಾರು 150 ಗ್ರಾಂ ಹಿಡಿದರೆ, ಕಿವುಚಿದ್ದು 225 ಗ್ರಾಂ ಹಿಡಿಯುತ್ತದೆ. ಅಂದರೆ ಕಪ್ ತುಂಬ ಬಿಲ್ಲೆಗಳನ್ನು ಕಿವುಚಿದರೆ ಸಿಗುವುದು ಮುಕ್ಕಾಲು ಕಪ್ಪಿಗೂ ಕಡಿಮೆ. ಮಾವಿನ ಹೋಳು 165 ಗ್ರಾಂ, ಅದೇ ಮಾವಿನ ನುಣ್ಣನೆಯ ತಿರುಳು 250 ಗ್ರಾಂ. ಅನಾನಸ್ ಹೋಳೂ 165ರ ಆಸುಪಾಸು, ದಾಳಿಂಬೆ ಕಾಳು 175. ಒಣದ್ರಾಕ್ಷಿ ಸಡಿಲವಾಗಿ ಸುರಿದರೆ 145, ಒತ್ತಿ ತುಂಬಿದರೆ 165.

ಪಾಕವಿಧಾನದಲ್ಲಿ ‘ಕಿವುಚಿದ ಬಾಳೆಹಣ್ಣು 1 ಕಪ್’ ಎಂದಿದ್ದರೆ ಮೊದಲು ಕಿವುಚಿ, ಆಮೇಲೆ ಅಳೆಯಿರಿ. ‘ಬಾಳೆಹಣ್ಣು 1 ಕಪ್, ಕಿವುಚಿದ್ದು’ ಎಂದು ಬರೆದವರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸುವ ಬದಲು 225 ಗ್ರಾಂ ತೂಗಿ. ಬನ್ಸ್ ಹಿಟ್ಟು ಕೈಗೆ ಅಂಟಿದರೆ ಆಗ ಮೈದಾ ಸೇರಿಸಬಹುದು. ಕೇಕ್ ಹಿಟ್ಟಿನಲ್ಲಿ ಹಣ್ಣು ಹೆಚ್ಚಾದರೆ ಆ ಅವಕಾಶವಿಲ್ಲ. ನೀರಿನಂಶ ಜಾಸ್ತಿಯಾಗಿ ನಡುಭಾಗ ಉಬ್ಬದೆ ಕೂರುತ್ತದೆ. ಹೋಳುಗಳನ್ನು ಕಪ್ಪಿನಲ್ಲಿ ಅಳೆಯಲೇಬೇಡಿ ಎಂಬುದು ನನ್ನ ಖಡಾಖಂಡಿತ ಸಲಹೆ. ಕಾಲು ಇಂಚಿನ ತುಂಡಿಗೂ ಒಂದು ಇಂಚಿನ ತುಂಡಿಗೂ ಅಳತೆ ಬೇರೆಯೇ ಬರುತ್ತದೆ.

3. ‘ಮೂರು ಬಾಳೆಹಣ್ಣು’ ಎಂಬ ಲೆಕ್ಕವನ್ನು ಗ್ರಾಮಿಗೆ ತನ್ನಿ. ವಿದೇಶಿ ಕೇಕ್‌ಗಳಲ್ಲಿ ಹಾಗೆಂದರೆ ನಮ್ಮ ಪಚ್ಚಬಾಳೆಯ ಜಾತಿ. ಸಿಪ್ಪೆ ಸುಲಿದ ಮೇಲೆ ಒಂದೊಂದು 110–120 ಗ್ರಾಂ ತೂಗುತ್ತದೆ. ಏಲಕ್ಕಿ ಬಾಳೆ 40–50 ಗ್ರಾಂ ಅಷ್ಟೇ, ಹಾಗಾಗಿ ಮೂರರ ಬದಲು ಏಳೆಂಟು ಬೇಕು.

4. ಮಾರುಕಟ್ಟೆಯ ತೂಕದಲ್ಲಿ ಸಿಪ್ಪೆ, ಓಟೆ ಕಳೆಯಿರಿ. ಬಾಳೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಮಾವಿನಲ್ಲಿ ಮೂರನೇ ಒಂದರಷ್ಟು, ಅನಾನಸಿನಲ್ಲಿ ಹತ್ತಿರ ಹತ್ತಿರ ಅರ್ಧ ಹೋಗುತ್ತದೆ. ಮೂರು ಕಪ್ ಅನಾನಸ್ ಹೋಳಿಗೆ ಒಂದು ಕಿಲೋ ಹಣ್ಣು ತನ್ನಿ.

5. ಜಾಮ್ ಮಾಡುವಾಗ ಕಪ್ಪನ್ನು ಪಕ್ಕಕ್ಕಿಡಿ. ‘ಸಮಸಮ ಸಕ್ಕರೆ’ ಎಂದರೆ ತೂಕದಲ್ಲಿ ಸಮ. ನಾಲ್ಕು ಕಪ್ ಮಾವಿನ ತಿರುಳು ಒಂದು ಕಿಲೋ ಆಗುತ್ತದೆ, ನಾಲ್ಕು ಕಪ್ ಸಕ್ಕರೆ 800 ಗ್ರಾಂ. ಕಪ್ಪಿಗೆ ಕಪ್ ಹಾಕಿದವರಿಗೆ 200 ಗ್ರಾಂ ಸಕ್ಕರೆ ಕಡಿಮೆ ಬಿತ್ತು, ಜಾಮ್ ಬಾಳಿಕೆಗೆ ಬರುವುದಿಲ್ಲ. ಐದು ಕಪ್ ಬೇಕು. ವಿದೇಶದಲ್ಲಿರುವವರು ಕೊಳ್ಳುವ 850 ಗ್ರಾಂ ಮಾವಿನ ಡಬ್ಬಿಯಲ್ಲಿ ತಿರುಳು ಸುಮಾರು ಮೂರೂವರೆ ಕಪ್ ಇರುತ್ತದೆ. ಆದರೆ ಅನೇಕ ಡಬ್ಬಿಗಳಲ್ಲಿ ಸಕ್ಕರೆ ಮೊದಲೇ ಸೇರಿರುತ್ತದೆ. ಲೇಬಲ್ ಓದಿ, ಸಕ್ಕರೆ ಹಾಕದ್ದನ್ನೇ ಆರಿಸಿ.

ಫ್ರೀಜರ್‌ನಲ್ಲಿಟ್ಟ ಹಣ್ಣನ್ನು ಗಟ್ಟಿಯಿರುವಾಗಲೇ ತೂಗಿ, ಕರಗಿದ ಮೇಲೆ ಬಿಟ್ಟ ರಸವನ್ನೂ ಸೇರಿಸಿ. ನಿಂಬೆರಸದಂಥ ಚಿಕ್ಕ ಪ್ರಮಾಣಕ್ಕೆ ಮಾತ್ರ ಚಮಚವೇ ವಾಸಿ, ಮನೆಯ ತಕ್ಕಡಿ ನಾಲ್ಕೈದು ಗ್ರಾಂ ಸರಿಯಾಗಿ ತೋರಿಸುವುದಿಲ್ಲ. ಟೇಬಲ್ ಚಮಚ ಎಂದರೆ 15 ಮಿ.ಲೀ., ಆಸ್ಟ್ರೇಲಿಯಾದ ಪಾಕವಿಧಾನವಾದರೆ 20.