ಲೋಕಲ್, ಎಸ್‌ಟಿಡಿ, ಐಎಸ್‌ಡಿ: ಮೊಬೈಲ್ ಕರೆಯ ಲೆಕ್ಕ ತಿಳಿಯುವುದು ಹೇಗೆ?

ಉಡುಪಿಯಲ್ಲಿ ನಮ್ಮ ನೆರೆಮನೆಯ ಮಗ ದುಬೈಯಿಂದ ರಜೆಯಲ್ಲಿ ಊರಿಗೆ ಬಂದಿದ್ದಾಗ ನಡೆದ ಸಂಗತಿಯಿದು. ಅವನು ಮೀನು ತರಲೆಂದು ಮಲ್ಪೆಗೆ ಹೋಗಿದ್ದ. ಬಂಗುಡೆಯ ಜೊತೆಗೆ ಸ್ವಲ್ಪ ಸಿಗಡಿಯೂ ಇರಲಿ ಎಂದು ಹೇಳಲು ತಾಯಿ ಅವನಿಗೆ ಫೋನ್ ಮಾಡಿದರು. ಎರಡು ನಿಮಿಷದ ಮಾತು ಮುಗಿಯುವಷ್ಟರಲ್ಲಿ ಮೊಬೈಲಿನಲ್ಲಿ ಉಳಿದಿದ್ದ ಟಾಪ್‌ಅಪ್ ಹಣದ ಬಹುಪಾಲು ಖಾಲಿಯಾಗಿತ್ತು. “ಅನ್‌ಲಿಮಿಟೆಡ್ ಹಾಕಿಸಿದ್ದೇನಲ್ಲ ಮಾರಾಯ್ರೆ, ಮಲ್ಪೆಗೆ ಮಾತನಾಡಿದರೂ ದುಡ್ಡು ಹೋಗುತ್ತದೆಯೇ?” ಎಂದು ಅವರು ನನ್ನನ್ನು ಕೇಳಿದರು. ಅವರು ಕರೆ ಮಾಡಿದ್ದು ಮಗನ ದುಬೈ ಸಂಖ್ಯೆಗೆ. ಹಾಗಾಗಿ ತಾಯಿಗೆ ಅದು ಐಎಸ್‌ಡಿ, ಅಂದರೆ ವಿದೇಶಿ ಸಂಖ್ಯೆಗೆ ಮಾಡಿದ ಕರೆಯಾಯಿತು, ಆ ಸಿಮ್ ಊರಿನಲ್ಲಿ ರೋಮಿಂಗ್‌ನಲ್ಲಿದ್ದುದರಿಂದ ಕರೆ ಸ್ವೀಕರಿಸಿದ ಮಗನ ಲೆಕ್ಕಕ್ಕೂ ಶುಲ್ಕ ಬಿತ್ತು.

ಮಂಗಳೂರು, ಉಡುಪಿ, ಕುಂದಾಪುರದ ಕಡೆ ಮನೆಗೊಬ್ಬರಾದರೂ ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವುದರಿಂದ ಈ ಬಗೆಯ ತಪ್ಪನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಆದ್ದರಿಂದ ಮೊದಲು ಒಂದು ಸೂತ್ರವನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಕರೆಯ ದರ ಎರಡು ಸಂಗತಿಗಳ ಮೇಲೆ ನಿಂತಿದೆ: ನೀವು ಒತ್ತಿದ ಸಂಖ್ಯೆ ಯಾವ ದೇಶದ್ದು, ಮತ್ತು ನಿಮ್ಮ ಸಿಮ್ ಈಗ ಯಾವ ದೇಶದಲ್ಲಿದೆ. ಆಚೆ ಕಡೆಯವರು ಎಲ್ಲಿ ಕುಳಿತಿದ್ದಾರೆ ಎಂಬುದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಅದೇ ಮಗ ದುಬೈಯಲ್ಲಿದ್ದು ತನ್ನ ಭಾರತದ ಸಿಮ್‌ ಅನ್ನು ರೋಮಿಂಗ್‌ನಲ್ಲಿ ಇಟ್ಟುಕೊಂಡಿದ್ದರೆ, ಆ ಸಂಖ್ಯೆಗೆ ತಾಯಿ ಮಾಡುವ ಕರೆ ದೇಶದೊಳಗಿನ ಸಾಮಾನ್ಯ ಕರೆಯೇ ಆಗಿರುತ್ತದೆ. ಅಲ್ಲಿ ಶುಲ್ಕ ತೆರಬೇಕಾದವನು ಮಗ ಮಾತ್ರ.

ಹಂತ 1: ದೇಶದೊಳಗೆ ದೂರವನ್ನು ಮರೆತುಬಿಡಿ

ಮುಂಬಯಿಗೆ ಮಾತನಾಡಲು ರಾತ್ರಿ ದರ ಇಳಿಯುವವರೆಗೆ ಕಾದು ಎಸ್‌ಟಿಡಿ ಬೂತಿನ ಮುಂದೆ ನಿಂತವರಿಗೆ ಲೋಕಲ್ ಮತ್ತು ಎಸ್‌ಟಿಡಿ (ದೇಶದೊಳಗಿನ ದೂರದ ಊರಿನ ಕರೆ) ಬೇರೆ ಬೇರೆ ಎಂಬ ಭಾವನೆ ಇನ್ನೂ ಹೋಗಿಲ್ಲ. ಮೊಬೈಲಿನ ಮಟ್ಟಿಗೆ ಆ ವ್ಯತ್ಯಾಸ ಹಂತಹಂತವಾಗಿ ಅಳಿದುಹೋಗಿದೆ. 2003ರಲ್ಲಿ ಒಳಬರುವ ಕರೆಯ ಶುಲ್ಕ ನಿಂತಿತು. 2006ರಲ್ಲಿ ಬಿಎಸ್‌ಎನ್‌ಎಲ್ ‘ಒನ್ ಇಂಡಿಯಾ’ ಯೋಜನೆಯಡಿ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ 1 ರೂಪಾಯಿ ಎಂದಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ಕರೆಗಳು ಪ್ಯಾಕಿನೊಳಗೆ ಸೇರಿಹೋದವು, ದೇಶದೊಳಗಿನ ರೋಮಿಂಗ್ ಶುಲ್ಕವನ್ನೂ ಕಂಪನಿಗಳು ಕೈಬಿಟ್ಟವು. ಒಂದು ಕಂಪನಿ ಇನ್ನೊಂದಕ್ಕೆ ಕರೆ ತಲುಪಿಸಿದ್ದಕ್ಕಾಗಿ ಕೊಡುತ್ತಿದ್ದ ನಿಮಿಷಕ್ಕೆ 6 ಪೈಸೆಯ ಶುಲ್ಕವೂ 2021ರ ಜನವರಿ 1ರಿಂದ ಇಲ್ಲವಾಯಿತು.

ದೂರಸಂಪರ್ಕದ ಲೆಕ್ಕದಲ್ಲಿ ದೇಶ 22 ಸರ್ಕಲ್‌ಗಳಾಗಿ, ಅಂದರೆ ಸೇವಾ ವಲಯಗಳಾಗಿ ಹಂಚಿಹೋಗಿರುವುದು ಮಾತ್ರ ಇಂದಿಗೂ ನಿಜ. ತಲಪಾಡಿ ದಾಟಿ ಮಂಜೇಶ್ವರದ ಕಡೆ ಹೋದೊಡನೆ ನಿಮ್ಮ ಮೊಬೈಲ್ ಕೇರಳ ಸರ್ಕಲ್ಲಿನ ಟವರನ್ನು ಹಿಡಿಯುತ್ತದೆ. ಗೋವಾ ಮಹಾರಾಷ್ಟ್ರ ಸರ್ಕಲ್ಲಿಗೆ ಸೇರಿದೆ, ಮುಂಬಯಿ ತಾನೇ ಒಂದು ಸರ್ಕಲ್. ಗಡಿಯಲ್ಲಿ ‘ರೋಮಿಂಗ್’ ಎಂಬ ಗುರುತು ಕಂಡರೆ ಅನ್‌ಲಿಮಿಟೆಡ್ ಪ್ಯಾಕ್ ಇರುವವರು ಗಾಬರಿಪಟ್ಟು ಫೋನ್ ಆರಿಸುವ ಅಗತ್ಯವಿಲ್ಲ. ಒಂದು ಅಪವಾದವನ್ನು ಮಾತ್ರ ನೆನಪಿಡಿ: ಜಮ್ಮು ಮತ್ತು ಕಾಶ್ಮೀರದಲ್ಲಿ ಹೊರಗಿನ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡುತ್ತದೆ. ವೈಷ್ಣೋದೇವಿ ಯಾತ್ರೆಗೆ ಹೊರಡುವ ತಂಡದಲ್ಲಿ ಒಬ್ಬರಾದರೂ ಪೋಸ್ಟ್‌ಪೇಯ್ಡ್ ಸಂಖ್ಯೆಯವರು ಇರಲೇಬೇಕು.

ಸೇವಾ ಕೇಂದ್ರಗಳಿಗೆ ಕರೆ ಮಾಡುವಾಗ 1800ರಿಂದ ಆರಂಭವಾಗುವ ಸಂಖ್ಯೆ ಉಚಿತ, 1860ರಿಂದ ಆರಂಭವಾಗುವುದು ಹಾಗಲ್ಲ.

ಹಂತ 2: ಸಂಖ್ಯೆಗಳನ್ನು ಸರಿಯಾಗಿ ಬರೆದಿಟ್ಟುಕೊಳ್ಳಿ

ಜನ ಹೆಚ್ಚು ಎಡವುವುದು ಇಲ್ಲಿಯೇ. ಗಲ್ಫಿಗೆ ಮೊದಲ ಸಲ ಹೋದ ಹುಡುಗರು ಅಲ್ಲಿನ ಸಿಮ್ ಹಾಕಿಕೊಂಡು ಮನೆಗೆ ಕರೆ ಮಾಡಲು ಹೊರಟಾಗ ಹತ್ತು ಅಂಕಿಯ ಸಂಖ್ಯೆ ಹೋಗುವುದಿಲ್ಲ. ಊರಿನಲ್ಲಿ ಬರೆದಿಟ್ಟುಕೊಂಡ ಸಂಖ್ಯೆಯಲ್ಲಿ ದೇಶದ ಸಂಕೇತವೇ ಇಲ್ಲದಿರುವುದು ಇದಕ್ಕೆ ಕಾರಣ. ಆದ್ದರಿಂದ ಫೋನ್‌ಬುಕ್ಕಿನ ಪ್ರತಿಯೊಂದು ಸಂಖ್ಯೆಯನ್ನೂ, ಪಕ್ಕದ ಅಂಗಡಿಯವರದ್ದೇ ಆಗಿರಲಿ, +91 ಸೇರಿಸಿಯೇ ಉಳಿಸಬೇಕು. ಡಯಲ್ ಫಲಕದಲ್ಲಿ 0 ಇರುವ ಗುಂಡಿಯನ್ನು ಒತ್ತಿ ಹಿಡಿದರೆ + ಮೂಡುತ್ತದೆ. ಹೀಗೆ ಬರೆದ ಸಂಖ್ಯೆ ಕಾಪುವಿನಿಂದಲೂ ಹೋಗುತ್ತದೆ, ಕುವೈತಿನಿಂದಲೂ ಹೋಗುತ್ತದೆ, ಮತ್ತು ದೇಶದೊಳಗೆ ಇದರಿಂದ ಹೆಚ್ಚುವರಿ ಶುಲ್ಕ ಬೀಳುವುದಿಲ್ಲ.

ಮನೆಯ ಸ್ಥಿರ ದೂರವಾಣಿಯಾದರೆ ಇನ್ನೂ ಒಂದು ಎಚ್ಚರ ಬೇಕು. ಮಂಗಳೂರಿನ ಎಸ್‌ಟಿಡಿ ಕೋಡ್ 0824, ಉಡುಪಿಯದು 0820, ಕುಂದಾಪುರದ್ದು 08254, ಕಾರ್ಕಳದ್ದು 08258, ಪುತ್ತೂರಿನದು 08251. ಈ ಕೋಡುಗಳ ಮೊದಲ ಸೊನ್ನೆ ದೇಶದೊಳಗಿನ ಬಳಕೆಗೆ ಮಾತ್ರ. ವಿದೇಶದಿಂದ ಕರೆಯುವಾಗ ಆ ಸೊನ್ನೆಯನ್ನು ಬಿಡಬೇಕು. ಅಂದರೆ ಮಂಗಳೂರಿನ ಮನೆಗೆ +91 824 ಎಂದು ಆರಂಭಿಸಿ, ಬಳಿಕ ಮನೆಯ ಏಳು ಅಂಕಿಗಳನ್ನು ಒತ್ತಬೇಕು. ಕುಂದಾಪುರವಾದರೆ +91 8254, ಬಳಿಕ ಆರು ಅಂಕಿ. ಎಲ್ಲಿಯದೇ ಆಗಲಿ, +91ರ ನಂತರ ಎಣಿಸಿದಾಗ ಒಟ್ಟು ಹತ್ತು ಅಂಕಿ ಬಂದರೆ ಸಂಖ್ಯೆಯ ಉದ್ದ ಸರಿಯಾಗಿದೆ ಎಂದರ್ಥ. ಹನ್ನೊಂದು ಬಂದರೆ ಸೊನ್ನೆ ನುಸುಳಿದೆ. ಇದಕ್ಕೆ ಅಡ್ಡವಾಗಿ, ಮನೆಯ ಸ್ಥಿರ ದೂರವಾಣಿಯಿಂದ ಯಾವುದೇ ಮೊಬೈಲಿಗೆ ಕರೆಯುವಾಗ ಮೊದಲು ಸೊನ್ನೆ ಒತ್ತಲೇಬೇಕು. 2021ರ ಜನವರಿ 15ರಿಂದ ಈ ಕ್ರಮ ಜಾರಿಯಲ್ಲಿದೆ. ಹಿರಿಯರು ಇದನ್ನು ಅರಿಯದೆ ಫೋನ್ ಕೆಟ್ಟಿದೆ ಎಂದು ಸುಮ್ಮನಾಗುವುದನ್ನು ಕಂಡಿದ್ದೇನೆ.

ಗಲ್ಫಿನ ಸಂಖ್ಯೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಯುಎಇಯ ಸಂಕೇತ 971, ಸೌದಿಯದು 966, ಕುವೈತಿನದು 965, ಕತಾರಿನದು 974, ಒಮಾನಿನದು 968, ಬಹ್ರೇನಿನದು 973. ಯುಎಇ ಮತ್ತು ಸೌದಿಯಲ್ಲಿರುವವರು ತಮ್ಮ ಸಂಖ್ಯೆಯನ್ನು 05ರಿಂದ ಆರಂಭಿಸಿ ಹೇಳುತ್ತಾರೆ. ನೀವು ಇಲ್ಲಿಂದ ಆ ಸೊನ್ನೆಯನ್ನು ಬಿಟ್ಟು, +971 5 ಅಥವಾ +966 5 ಎಂದು ಆರಂಭಿಸಬೇಕು. ಉಳಿದ ನಾಲ್ಕು ದೇಶಗಳಲ್ಲಿ ಸೊನ್ನೆಯ ಗೊಡವೆಯೇ ಇಲ್ಲ, ಸಂಕೇತದ ನಂತರ ಎಂಟು ಅಂಕಿಗಳಷ್ಟೇ ಇರುತ್ತವೆ.

ಹಂತ 3: ಐಎಸ್‌ಡಿಗೆ ಬೇರೆಯೇ ಹಣ ಬೇಕು

‘ಅನ್‌ಲಿಮಿಟೆಡ್’ ಎಂದರೆ ದೇಶದೊಳಗಿನ ಸಂಖ್ಯೆಗಳಿಗೆ ಮಾತ್ರ. ಪ್ರೀಪೇಯ್ಡ್‌ನಲ್ಲಿ ಅನ್‌ಲಿಮಿಟೆಡ್ ಪ್ಯಾಕ್ ಹಾಕಿಸಿದಾಗ ಮುಖ್ಯ ಬ್ಯಾಲೆನ್ಸಿಗೆ ಒಂದು ರೂಪಾಯಿಯೂ ಸೇರುವುದಿಲ್ಲ, ಐಎಸ್‌ಡಿ ಕರೆಯ ಹಣ ಕಡಿತವಾಗುವುದು ಆ ಮುಖ್ಯ ಬ್ಯಾಲೆನ್ಸಿನಿಂದ. ಹಾಗಾಗಿ ವಿದೇಶಕ್ಕೆ ಕರೆಯಲು ಟಾಪ್‌ಅಪ್ ಬೇರೆಯಾಗಿ ಹಾಕಿಸಬೇಕು. 100 ರೂಪಾಯಿಯ ಟಾಪ್‌ಅಪ್ ಹಾಕಿದರೆ ಶೇ 18ರ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ಕಳೆದು ಮಾತಿಗೆ ಸಿಗುವುದು 80 ರೂಪಾಯಿಯ ಆಸುಪಾಸು ಮಾತ್ರ. ಅಂಗಡಿಯವರು ಹಣ ನುಂಗಿದರೆಂದು ಅವರೊಡನೆ ಜಗಳಕ್ಕೆ ನಿಲ್ಲಬೇಡಿ.

ತಿಂಗಳಿಗೆ ಒಂದೆರಡು ಕರೆಗಿಂತ ಹೆಚ್ಚು ಮಾಡುವವರು ಬರಿಯ ಟಾಪ್‌ಅಪ್‌ನಲ್ಲಿ ಮಾತನಾಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪನಿಗಳು ಮಾರುವ ಐಎಸ್‌ಡಿ ಪ್ಯಾಕುಗಳು ಎರಡು ಬಗೆಯವು. ಒಂದು ಬಗೆ ನಿಮಿಷದ ದರವನ್ನು ಇಳಿಸುತ್ತದೆ, ಆದರೆ ಹಣ ಮುಖ್ಯ ಬ್ಯಾಲೆನ್ಸಿನಿಂದಲೇ ಹೋಗುತ್ತದೆ. ಈ ಪ್ಯಾಕ್ ಕೊಂಡು ಬ್ಯಾಲೆನ್ಸ್ ಸೊನ್ನೆಯಲ್ಲಿ ಇಟ್ಟುಕೊಂಡರೆ ಒಂದು ಕರೆಯೂ ಹೋಗದು. ಇನ್ನೊಂದು ಬಗೆಯಲ್ಲಿ ಇಂತಿಷ್ಟು ನಿಮಿಷಗಳು ಪ್ಯಾಕಿನಲ್ಲೇ ಇರುತ್ತವೆ. ಮನೆಯ ಹಿರಿಯರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ಎಷ್ಟು ನಿಮಿಷ ಉಳಿದಿದೆ ಎಂಬುದು ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಕೊಳ್ಳುವ ಮುನ್ನ ಮೂರು ವಿಷಯಗಳನ್ನು ಕಂಪನಿಯ ಆಪ್‌ನಲ್ಲಿಯೇ ಓದಿ: ನಿಮಗೆ ಬೇಕಾದ ದೇಶ ಪಟ್ಟಿಯಲ್ಲಿದೆಯೇ, ವ್ಯಾಲಿಡಿಟಿ ಎಷ್ಟು ದಿನ, ಮತ್ತು ಪಲ್ಸ್, ಅಂದರೆ ಒಮ್ಮೆಗೆ ಲೆಕ್ಕ ಹಾಕುವ ಅವಧಿ ಎಷ್ಟು. ಪಲ್ಸ್ 60 ಸೆಕೆಂಡ್ ಎಂದಿದ್ದರೆ 61 ಸೆಕೆಂಡಿನ ಮಾತಿಗೂ ಎರಡು ನಿಮಿಷದ ಲೆಕ್ಕವಾಗುತ್ತದೆ. ‘ಗಲ್ಫ್ ಪ್ಯಾಕ್’ ಎಂಬ ಹೆಸರನ್ನಷ್ಟೇ ನಂಬಿ ಕೊಂಡು, ಅದರಲ್ಲಿ ಒಮಾನ್ ಇಲ್ಲವೆಂದು ಆಮೇಲೆ ತಿಳಿದು ನಾನೇ ಹಣ ಕಳೆದುಕೊಂಡಿದ್ದೇನೆ. ಪೋಸ್ಟ್‌ಪೇಯ್ಡ್ ಆದರೆ ಐಎಸ್‌ಡಿ ಸೌಲಭ್ಯ ತೆರೆದಿದೆಯೇ ಎಂದು ಕೇಳಿ ತೆರೆಸಿಕೊಳ್ಳಿ. ಬೇಡದವರು ಮುಚ್ಚಿಸಿಡುವುದೇ ಲೇಸು. ಪರಿಚಯವಿಲ್ಲದ ವಿದೇಶಿ ಸಂಖ್ಯೆಯಿಂದ ಮಿಸ್ಡ್ ಕಾಲ್ ಬಂದರೆ ತಿರುಗಿ ಕರೆಯಬೇಡಿ.

ಅಗ್ಗದ ದಾರಿಗಳ ಬಗ್ಗೆ ಒಂದು ಮಾತು. ವಾಟ್ಸ್ಆಪ್ ಕರೆಗೆ ಡೇಟಾ ಸಾಕು, ಐಎಸ್‌ಡಿ ಬೇಡ ಎಂಬುದು ನಿಜವಾದರೂ ಯುಎಇಯಲ್ಲಿ ಅದರ ಕರೆ ಸೌಲಭ್ಯಕ್ಕೆ ನಿರ್ಬಂಧವಿದೆ. ಅಲ್ಲಿ ಅನುಮತಿ ಪಡೆದ ಬೋಟಿಮ್‌ನಂಥ ಆಪ್‌ಗಳನ್ನೇ ಬಳಸಬೇಕು. ಇದಲ್ಲದೆ ಗಲ್ಫಿನ ಕರೆಯನ್ನು ಇಂಟರ್ನೆಟ್ ಮೂಲಕ ತಂದು, ಇಲ್ಲಿನ ಸಿಮ್‌ಗಳಿಂದ ಲೋಕಲ್ ಕರೆಯಂತೆ ತಲುಪಿಸುವ ಅಕ್ರಮ ವಿನಿಮಯ ಕೇಂದ್ರಗಳಿವೆ. ಮಗನ ಕರೆ ಯಾವುದೋ ಗುರುತಿಲ್ಲದ ಭಾರತದ ಸಂಖ್ಯೆಯಿಂದ ಬರುತ್ತಿದ್ದರೆ ಅವನು ಕೊಂಡ ಅಗ್ಗದ ಕಾಲಿಂಗ್ ಕಾರ್ಡು ಇಂಥದ್ದಿರಬಹುದು, ಅದನ್ನು ಬಿಡಿಸಿ. ಹಣದಾಸೆಗೆ ನಿಮ್ಮ ಹೆಸರಿನ ಸಿಮ್‌ ಅನ್ನು ಯಾರಿಗೂ ಕೊಡಬೇಡಿ, ಪೊಲೀಸರು ಮೊದಲು ಹುಡುಕುವುದು ಸಿಮ್ ಯಾರ ಹೆಸರಿನಲ್ಲಿದೆಯೋ ಅವರನ್ನು.

ಹಂತ 4: ಎರಡು ಸಿಮ್ ಇದ್ದರೆ ಯಾವುದರಿಂದ ಕರೆ?

ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದವರು ಗಲ್ಫಿನ ಸಿಮ್ ತೆಗೆಯದೆ, ಊರಿನ ಸಿಮ್ ಎರಡನೆಯ ಸ್ಲಾಟಿಗೆ ಹಾಕಿಕೊಳ್ಳುತ್ತಾರೆ. ಫೋನ್ ಮಾತ್ರ ಹಿಂದಿನ ಅಭ್ಯಾಸದಂತೆ ಗಲ್ಫಿನ ಸಿಮ್ಮಿನಿಂದಲೇ ಕರೆ ಮಾಡುತ್ತಿರುತ್ತದೆ. ಟ್ಯಾಕ್ಸಿಯವರಿಗೆ, ಮಾವನ ಮನೆಗೆ, ಬ್ಯಾಂಕಿಗೆ ಮಾಡಿದ ಕರೆಗಳೆಲ್ಲ ಅಂತರರಾಷ್ಟ್ರೀಯ ರೋಮಿಂಗ್ ದರದಲ್ಲಿ ಹೋಗಿ, ಮರಳಿ ಹೋದ ಮೇಲೆ ಬಿಲ್ಲು ಕಣ್ಣಿಗೆ ಬೀಳುತ್ತದೆ. ಆದ್ದರಿಂದ ವಿಮಾನದಿಂದ ಇಳಿದ ಕೂಡಲೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಎಂಬಲ್ಲಿಗೆ ಹೋಗಿ, ಕರೆ, ಎಸ್ಸೆಮ್ಮೆಸ್ ಮತ್ತು ಡೇಟಾ ಮೂರಕ್ಕೂ ಊರಿನ ಸಿಮ್‌ ಅನ್ನೇ ಆರಿಸಿ. ಗಲ್ಫಿನ ಸಿಮ್ಮಿನ ಡೇಟಾ ರೋಮಿಂಗ್ ಮುಚ್ಚಿ. ಒಟಿಪಿಗಾಗಿ ಬೇಕಿಲ್ಲದಿದ್ದರೆ ಆ ಸಿಮ್‌ ಅನ್ನು ಪೂರ್ತಿಯಾಗಿ ಆಫ್ ಮಾಡುವುದೇ ಉತ್ತಮ. ಮನೆಯವರ ಫೋನಿನಲ್ಲಿ ನಿಮ್ಮ ಎರಡು ಸಂಖ್ಯೆಗಳನ್ನು ‘ಮಗ ದುಬೈ’, ‘ಮಗ ಊರು’ ಎಂದು ಬೇರೆ ಬೇರೆ ಹೆಸರಿನಲ್ಲಿ ಉಳಿಸಿಕೊಡಿ. ಒಂದೇ ಹೆಸರಿನ ಕೆಳಗೆ ಎರಡನ್ನೂ ಇಟ್ಟದ್ದರಿಂದಲೇ ನೆರೆಮನೆಯ ತಾಯಿಯ ಬೆರಳು ತಪ್ಪಿದ್ದು.

ಹಂತ 5: ಊರಿನ ಸಿಮ್ ವಿದೇಶಕ್ಕೆ ಹೋಗುವಾಗ

ಬಾಣಂತನಕ್ಕೆಂದು ಮಗಳ ಮನೆಗೆ ಹೊರಡುವ ತಾಯಂದಿರು ಗಮನಿಸಬೇಕು: ವಿದೇಶದಲ್ಲಿ ರೋಮಿಂಗ್‌ನಲ್ಲಿರುವಾಗ ಒಳಬರುವ ಕರೆಗೂ ಶುಲ್ಕವಿದೆ. ಐಎಸ್‌ಡಿ ಪ್ಯಾಕ್ ಅಲ್ಲಿ ಉಪಯೋಗಕ್ಕೆ ಬಾರದು, ಅದಕ್ಕೆ ಅಂತರರಾಷ್ಟ್ರೀಯ ರೋಮಿಂಗ್ ಪ್ಯಾಕ್ ಎಂಬುದೇ ಬೇರೆ. ಈ ಎರಡನ್ನು ಅಂಗಡಿಯವರೂ ಅದಲುಬದಲು ಮಾಡುವುದುಂಟು, ಆದ್ದರಿಂದ ಪ್ಯಾಕಿನ ವಿವರವನ್ನು ನೀವೇ ಓದಿ ಹಾಕಿಸಿಕೊಳ್ಳಿ. ಹೊರಡುವ ಮುನ್ನ ##002# ಒತ್ತಿ ಕಾಲ್ ಫಾರ್ವರ್ಡಿಂಗ್ ರದ್ದುಮಾಡಿ, ಇಲ್ಲದಿದ್ದರೆ ನೀವು ಎತ್ತದ ಕರೆಗೂ ಹಣ ಹೋಗಬಹುದು.

ವರ್ಷಗಟ್ಟಲೆ ಅಲ್ಲಿರುವವರು ಬ್ಯಾಂಕಿನ ಒಟಿಪಿಗಾಗಿ ಊರಿನ ಸಂಖ್ಯೆಯನ್ನು ಉಳಿಸಿಕೊಳ್ಳಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ ಪ್ರೀಪೇಯ್ಡ್ ಸಂಖ್ಯೆ 90 ದಿನ ಬಳಕೆಯಾಗದೆ ಬಿದ್ದಿದ್ದರೆ ಅದನ್ನು ರದ್ದುಮಾಡಬಹುದು, ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿದುಕೊಂಡು 30 ದಿನ ಮುಂದುವರಿಸುತ್ತಾರೆ. ಆದರೆ ಪ್ಯಾಕ್ ಮುಗಿದ ಮೇಲೆ ಒಟಿಪಿ ಬರುತ್ತಲೇ ಇರುತ್ತದೆಂಬ ಭರವಸೆ ಇದರಲ್ಲಿಲ್ಲ, ಹಾಗಾಗಿ ದೀರ್ಘ ವ್ಯಾಲಿಡಿಟಿಯ ಪ್ಯಾಕೇ ಸರಿ. ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಕಂಪನಿಗಳಿಗೆ ಸೂಚಿಸಿತು, ವ್ಯಾಲಿಡಿಟಿಯ ಮಿತಿಯನ್ನು 90ರಿಂದ 365 ದಿನಕ್ಕೆ ಏರಿಸಿತು. ಅಂಗಡಿಗಳಲ್ಲಿ ಇವನ್ನು ತಾವಾಗಿ ಹೇಳುವವರು ಕಡಿಮೆ, ಕೇಳಿ ಪಡೆಯಬೇಕು.

ಹಂತ 6: ತಪ್ಪಾಗಿ ಹಣ ಹೋದರೆ

ಕರೆ ಮುಗಿದೊಡನೆ ತೆರೆಯ ಮೇಲೆ ಬರುವ ಕಡಿತದ ಸಂದೇಶವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟು, ಅದೇ ದಿನ 198ಕ್ಕೆ ದೂರು ಹೇಳಿ. ಒತ್ತಿದ ಸಂಖ್ಯೆ, ಸಮಯ, ಕಡಿತವಾದ ಮೊತ್ತ ಈ ಮೂರನ್ನೂ ತಿಳಿಸಿ, ದೂರಿನ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ. ಪರಿಹಾರ ಒಪ್ಪಿಗೆಯಾಗದಿದ್ದರೆ ಅದೇ ಡಾಕೆಟ್ ಸಂಖ್ಯೆಯನ್ನು ನಮೂದಿಸಿ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.