ಒಂದು ಗುಂಟೆಯನ್ನೂ ಮಾರದೆ ಇಬ್ಬರು ಹೆಣ್ಣುಮಕ್ಕಳ ಇಂಜಿನಿಯರಿಂಗ್: ನನ್ನ ಅನುಭವ

ಹಿರಿಯ ಮಗಳಿಗೆ 2021ರ ಸಿಇಟಿಯಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿದ ದಿನ ಸಂಜೆ ನಮ್ಮ ಜಗಲಿಯ ಮೇಲೆ ಸೇರಿದ್ದ ಐದಾರು ಜನರಲ್ಲಿ ಒಬ್ಬರೂ ಅವಳ ಓದಿನ ಬಗ್ಗೆ ಮಾತನಾಡಲಿಲ್ಲ. ಎಲ್ಲರೂ ದುಡ್ಡಿನ ಬಗ್ಗೆಯೇ ಮಾತನಾಡಿದರು. ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯ ಹಾಲಿನ ಸಂಘದಲ್ಲಿ ಕಾರ್ಯದರ್ಶಿ. ಎರಡೂಕಾಲು ಎಕರೆ ಜಮೀನು ಮತ್ತು ನಾಲ್ಕು ಹಸುಗಳಿವೆ. ಭಾವನವರು ರಸ್ತೆ ಪಕ್ಕದ ಹತ್ತು ಗುಂಟೆಯನ್ನು ಕೊಟ್ಟುಬಿಡಿ ಎಂದರು. ಅಡಮಾನವಿಲ್ಲದೆ ಬ್ಯಾಂಕಿನವರು ನಮ್ಮಂಥವರಿಗೆ ಸಾಲ ಕೊಡುವುದುಂಟೇ ಎಂದು ಸಂಘದ ಹಿರಿಯರೊಬ್ಬರು ಕೇಳಿದರು. ಆ ಹತ್ತು ಗುಂಟೆ ಇಂದಿಗೂ ನನ್ನ ಹೆಸರಿನಲ್ಲಿಯೇ ಇದೆ, ಹಿರಿಯಳು ಪದವಿ ಮುಗಿಸಿದ್ದಾಳೆ, ಕಿರಿಯಳು ಅದೇ ದಾರಿಯಲ್ಲಿ ಓದುತ್ತಿದ್ದಾಳೆ. ಅಂದು ಜಗಲಿಯ ಮೇಲೆ ಕುಳಿತವರಿಗೆ ಬಾಯಲ್ಲಿ ಹೇಳಿ ಒಪ್ಪಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ (ರಾಜ್ಯದ್ದು), ಎನ್‌ಎಸ್‌ಪಿ (ಕೇಂದ್ರದ್ದು), ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್‌ಗಳಲ್ಲಿ ಅರ್ಜಿ ಹಾಕುವುದು ಹೇಗೆಂದು ವಿವರಿಸುವುದಿಲ್ಲ; ಅದು ನಿಮಗೆ ಗೊತ್ತಿರುವ ವಿಷಯ.

ಮೊದಲು ಖರ್ಚಿನ ಲೆಕ್ಕ ಹೇಳುತ್ತೇನೆ. ಹಿರಿಯಳಿಗೆ ಸಿಕ್ಕಿದ್ದು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದ ಸೀಟು. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ ಕೆಇಎಗೆ ಕಟ್ಟುವ ಶುಲ್ಕ, ಕಾಲೇಜಿನ ಇತರೆ ಶುಲ್ಕ ಎರಡೂ ಸೇರಿ ವರ್ಷಕ್ಕೆ ತೊಂಬತ್ತು ಸಾವಿರದ ಆಸುಪಾಸು ಬಂತು. ನಾಲ್ಕು ವರ್ಷಕ್ಕೆ ಮೂರು ಲಕ್ಷದ ಅರವತ್ತು ಸಾವಿರ ಎಂದಿಟ್ಟುಕೊಳ್ಳಿ. ಪಿಜಿಯಲ್ಲಿ ತಿಂಗಳಿಗೆ ಏಳು ಸಾವಿರ ಕೇಳಿದ್ದರಿಂದ ಸಮುದಾಯದ ಸಂಘದವರು ನಡೆಸುವ ವಿದ್ಯಾರ್ಥಿನಿ ನಿಲಯದಲ್ಲಿ ಸೇರಿಸಿದೆ. ಅಲ್ಲಿ ಊಟ, ವಸತಿಗೆ ತಿಂಗಳಿಗೆ ಎರಡು ಸಾವಿರದ ಎಂಟುನೂರು. ಈ ಒಂದು ತೀರ್ಮಾನದಿಂದ ಉಳಿದ ಹಣ ಮುಂದೆ ಅವಳಿಗೆ ಬಂದ ಎಲ್ಲ ವಿದ್ಯಾರ್ಥಿವೇತನಗಳ ಒಟ್ಟು ಮೊತ್ತಕ್ಕಿಂತ ದೊಡ್ಡದು. ಲ್ಯಾಪ್‌ಟಾಪ್, ಪುಸ್ತಕ, ಪರೀಕ್ಷಾ ಶುಲ್ಕ, ಬಸ್ಸಿನ ಖರ್ಚು ಎಲ್ಲ ಸೇರಿ ನಾಲ್ಕು ವರ್ಷಕ್ಕೆ ಐದು ಲಕ್ಷದ ಅರವತ್ತು ಸಾವಿರ ಆಗಿರಬಹುದು.

ಹಿಂದುಳಿದ ವರ್ಗಗಳ ಶುಲ್ಕ ವಿನಾಯಿತಿಗೆ ಆಗ ಇದ್ದ ಆದಾಯ ಮಿತಿಯನ್ನು ನಮ್ಮ ಪ್ರಮಾಣಪತ್ರದ ಮೊತ್ತ ಸ್ವಲ್ಪದರಲ್ಲಿ ದಾಟಿತ್ತು. ಎಂಟು ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕವನ್ನೇ ಮನ್ನಾ ಮಾಡುವ ಎಸ್‌ಎನ್‌ಕ್ಯೂ (ಹೆಚ್ಚುವರಿ ಕೋಟಾ) ಸೀಟಿಗೆ ಸಿಇಟಿ ಅರ್ಜಿಯಲ್ಲಿಯೇ ಕೋರಿದ್ದೆವಾದರೂ ಅವಳ ರ‍್ಯಾಂಕಿಗೆ ಅದು ದಕ್ಕಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ. ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ, ಒಂದು ಕುಟುಂಬದ ಇಬ್ಬರಿಗೆ ಅವಕಾಶ, ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು. ನಾಲ್ಕು ವರ್ಷಕ್ಕೆ ಎರಡು ಲಕ್ಷ. ನನ್ನ ಅತಿ ದೊಡ್ಡ ಸೋಲು ಆದದ್ದು ಇಲ್ಲಿಯೇ. ಕೋವಿಡ್‌ನಿಂದಾಗಿ ಆ ವರ್ಷ ಪ್ರವೇಶವೇ ತಡವಾಗಿತ್ತು. ಅರ್ಜಿ ಸಲ್ಲಿಕೆಯಾಯಿತು, ಪ್ರಿಂಟ್ ತೆಗೆದು ಫೈಲಿನಲ್ಲಿಟ್ಟೆ, ಕೆಲಸ ಮುಗಿಯಿತೆಂದುಕೊಂಡೆ. ಕಾಲೇಜಿನ ಹಂತದಲ್ಲಿ ವಿದ್ಯಾರ್ಥಿವೇತನದ ಹೊಣೆ ಹೊತ್ತ ನೋಡಲ್ ಅಧಿಕಾರಿ ಪರಿಶೀಲಿಸಿ ಮುಂದಕ್ಕೆ ಕಳುಹಿಸದಿದ್ದರೆ ಆ ಅರ್ಜಿ ಇದ್ದಲ್ಲಿಯೇ ಇರುತ್ತದೆ ಎಂಬುದು ನನಗೆ ಹೊಳೆದದ್ದು ಕೊನೆಯ ದಿನಾಂಕ ದಾಟಿದ ಒಂಬತ್ತನೆಯ ದಿನ. ಹೊಸ ಅರ್ಜಿಗೆ ಮೊದಲ ವರ್ಷದಲ್ಲಿ ಮಾತ್ರ ಅವಕಾಶ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೆಯ ವರ್ಷಕ್ಕೆ ಸೇರುವವರಿಗೆ ಎರಡನೆಯ ವರ್ಷದಲ್ಲಿ. ಹೀಗೆ ಆ ಎರಡು ಲಕ್ಷ ಕೈತಪ್ಪಿತು. ಪಿಯುಸಿ ಅಂಕಗಳ ಆಧಾರದ ಮೇಲೆ ಕೊಡುವ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಅವಳ ಅಂಕಗಳು ಸಾಕಾಗುತ್ತಿದ್ದವು; ಪ್ರಗತಿಯನ್ನೇ ನಂಬಿ ಅದನ್ನೂ ಬಿಟ್ಟಿದ್ದೆ. ಆ ರಾತ್ರಿ ಮಗಳು ಫೋನಿನಲ್ಲಿ, "ಅಪ್ಪಾಜಿ, ತಪ್ಪು ನಂದೂ ಇದೆ, ನಾನು ಆಫೀಸಿಗೆ ಹೋಗಿ ಕೇಳಬೇಕಿತ್ತು" ಎಂದಳು. ಹದಿನೆಂಟು ವರ್ಷದ ಮಗಳು ಹಾಗೆ ಹೇಳಿದ್ದು ನನಗೆ ಇಂದಿಗೂ ನೋವಿನ ನೆನಪು.

ಉಳಿದದ್ದು ಶಿಕ್ಷಣ ಸಾಲ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ, ಮಾರ್ಜಿನ್ ಹಣವೂ (ನಮ್ಮ ಕೈಯಿಂದ ಹಾಕುವ ಪಾಲು) ಬೇಕಿಲ್ಲ. ಮೊದಲು ಹೋದ ಶಾಖೆಯಲ್ಲಿ ಪಹಣಿ ತನ್ನಿ ಎಂದರು, ಎರಡನೆಯ ಕಡೆ ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಎರಡೂ ಬಾಯಿಮಾತಿನ ನಿರಾಕರಣೆಗಳು. ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲದಿದ್ದುದರಿಂದ ನಾನು ಯಾರಿಗೂ ದೂರು ಕೊಡುವಂತಿರಲಿಲ್ಲ. ಅದಾದ ಮೇಲೆ ಯಾವ ಶಾಖೆಗೂ ಬರಿಗೈಯಲ್ಲಿ ಹೋಗಲಿಲ್ಲ. ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಆಗ ಒಮ್ಮೆಗೆ ಮೂರು ಬ್ಯಾಂಕುಗಳಿಗೆ ಅರ್ಜಿ ಹಾಕಬಹುದಿತ್ತು. ಹಾಕಿದ ಅರ್ಜಿಗೆ ದಾಖಲೆ ಉಳಿಯುತ್ತದೆ, ತಿರಸ್ಕರಿಸಿದರೆ ಕಾರಣ ಬರೆಯಬೇಕಾಗುತ್ತದೆ. ಅರ್ಜಿ ಹಾಕುವ ಮೊದಲು ನನ್ನ ಸಿಬಿಲ್ (ಹಳೆಯ ಸಾಲಗಳ ಮರುಪಾವತಿ ವರದಿ) ತೆಗೆಸಿ ನೋಡಿದಾಗ ನವೀಕರಿಸದೆ ಬಿಟ್ಟಿದ್ದ ಬೆಳೆ ಸಾಲವೊಂದು ಬಾಕಿಯೆಂದು ತೋರಿಸುತ್ತಿತ್ತು. ತಂದೆ ಜೊತೆಸಾಲಗಾರನಾದ್ದರಿಂದ ಇದು ಅಡ್ಡಿಯಾಗುತ್ತದೆ. ಅದನ್ನು ತೀರಿಸಿ, ನವೀಕರಿಸಿ, ಆರು ವಾರ ಕಾದು ಅರ್ಜಿ ಹಾಕಿದೆ. ಮೂರನೆಯ ಬ್ಯಾಂಕಿನಲ್ಲಿ ನಾಲ್ಕು ಲಕ್ಷ ಮಂಜೂರಾಯಿತು. ಅರ್ಜಿಯ ಜೊತೆಗೆ ನಾನು ಒಂದು ಪುಟದ ಪತ್ರ ಇಟ್ಟಿದ್ದೆ. ಅದರಲ್ಲಿ ಏನು ಬರೆದಿದ್ದೆ ಎಂಬುದನ್ನು ನಮ್ಮ ಸುತ್ತಲಿನ ಊರುಗಳ ಮಕ್ಕಳಿಗೆ ಮಾತ್ರ ಹೇಳಿಕೊಡುತ್ತಿದ್ದೇನೆ, ಎಲ್ಲರೂ ಅದೇ ಪತ್ರ ಕೊಟ್ಟರೆ ಅದಕ್ಕೆ ಬೆಲೆ ಉಳಿಯುವುದಿಲ್ಲ.

ಇಲ್ಲಿ ಸಮಯದ ತೊಡಕು ಒಂದಿದೆ. ಸೀಟು ಹಂಚಿಕೆಯಾದ ಮೇಲೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನಗಳು. ಪ್ರವೇಶ ಪತ್ರವಿಲ್ಲದೆ ಬ್ಯಾಂಕು ಹಣ ಬಿಡುವುದಿಲ್ಲ. ಹಣ ಕಟ್ಟದೆ ಪ್ರವೇಶವಿಲ್ಲ, ಪ್ರವೇಶವಿಲ್ಲದೆ ಸಾಲವಿಲ್ಲ. ಬಹಳ ಜನ ಕೈಸಾಲಕ್ಕೆ ಬೀಳುವುದು ಇಲ್ಲಿಯೇ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ. ನನ್ನ ಹೆಂಡತಿಯ ಎರಡೆಳೆ ಸರವನ್ನು ಗಿರವಿ ಇಟ್ಟು ಮೊದಲ ಶುಲ್ಕ ಕಟ್ಟಿದೆ. ರಸೀದಿಯನ್ನು ಮುಂದಿಟ್ಟರೆ ಕಟ್ಟಿದ ಹಣವನ್ನು ಸಾಲದಿಂದ ನಮಗೆ ಮರಳಿ ಕೊಡುತ್ತಾರೆಂದು ಶಾಖೆಯವರಿಂದ ಮೊದಲೇ ಲಿಖಿತವಾಗಿ ಪಡೆದಿದ್ದೆ. ಸರ ಬ್ಯಾಂಕಿನಲ್ಲಿದ್ದದ್ದು ಒಂದೂವರೆ ತಿಂಗಳ ಮೇಲೆ ಸ್ವಲ್ಪ, ಬಡ್ಡಿ ಸಾವಿರದ ಚಿಲ್ಲರೆ. ಬಿಡಿಸಿಕೊಂಡು ಬಂದ ದಿನ ಅವಳು ಅದನ್ನು ಕೊರಳಿಗೆ ಹಾಕಿಕೊಳ್ಳದೆ ದೇವರ ಗೂಡಿನಲ್ಲಿಟ್ಟಳು. ಎರಡು ವರ್ಷದ ನಂತರ ಕಿರಿಯಳ ಸರದಿಗೂ ಅದೇ ಸರ ಅದೇ ಗೂಡಿನಿಂದ ಹೊರಟಿತು.

ಮಂಜೂರಾದ ನಾಲ್ಕು ಲಕ್ಷವನ್ನೂ ನಾನು ತೆಗೆಯಲಿಲ್ಲ, ಜನ ನನ್ನನ್ನು ತಿಳಿಗೇಡಿ ಎಂದದ್ದು ಇದಕ್ಕೇ. ಕೊಡುವಾಗ ತೆಗೆದುಕೊಳ್ಳಿ, ಹಸು ತನ್ನಿ ಎಂದರು. ಪ್ರತಿ ವರ್ಷ ಶುಲ್ಕದ ಚಲನ್ ಕೈಗೆ ಬಂದ ಮೇಲೆ ಹಾಲಿನ ಬಟವಾಡೆಯಿಂದ ಎಷ್ಟು ಕಟ್ಟಬಹುದು, ವಿದ್ಯಾರ್ಥಿವೇತನ ಎಷ್ಟು ಬಂದಿದೆ ಎಂದು ನೋಡಿ, ಕಡಿಮೆ ಬಿದ್ದಷ್ಟನ್ನು ಮಾತ್ರ ಬ್ಯಾಂಕಿನಿಂದ ಕಾಲೇಜಿಗೆ ಕಳುಹಿಸಿದೆ. ನಾಲ್ಕು ವರ್ಷಕ್ಕೆ ತೆಗೆದದ್ದು ಎರಡು ಲಕ್ಷದ ತೊಂಬತ್ತು ಸಾವಿರ. ರೈತರ ಮಕ್ಕಳಿಗಾಗಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯಿಂದ ಬಂದದ್ದು ಮೂರು ಬಾರಿ 11,000ದಂತೆ ಮೂವತ್ತಮೂರು ಸಾವಿರ. ಖಾಸಗಿ ಟ್ರಸ್ಟ್ ಒಂದರಿಂದ ವರ್ಷಕ್ಕೆ ಇಪ್ಪತ್ತೈದು ಸಾವಿರದಂತೆ ಮೂರು ವರ್ಷ. ಉಳಿದ ಒಂದು ಲಕ್ಷದ ಅರವತ್ತು ಸಾವಿರದಷ್ಟು ಹಾಲಿನ ದುಡ್ಡು. ಟ್ರಸ್ಟಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರು ಪ್ರತಿ ವರ್ಷ ಆರಿಸಿಕೊಳ್ಳುವುದೇ ಬೆರಳೆಣಿಕೆಯ ಮಕ್ಕಳನ್ನು.

ಖಾಸಗಿ ವಿದ್ಯಾರ್ಥಿವೇತನಗಳ ಹುಡುಕಾಟಕ್ಕೆ ಇಡೀ ಒಂದು ಬೇಸಿಗೆ ಹೋಯಿತು. ಹನ್ನೊಂದು ಕಡೆ ಅರ್ಜಿ ಹಾಕಿಸಿದೆ, ಎರಡು ಕಡೆ ಸಂದರ್ಶನಕ್ಕೆ ಕರೆದರು, ಒಂದು ಕಡೆ ಸಿಕ್ಕಿತು. ಒಂದು ಕಡೆ ಸಂಸ್ಕರಣಾ ಶುಲ್ಕವೆಂದು ಸಾವಿರದ ಐನೂರು ಕೇಳಿದರು, ಕಳುಹಿಸಿದೆ, ಮರುದಿನದಿಂದ ಆ ಸಂಖ್ಯೆ ಬಂದ್. ದುಡ್ಡು ಕೊಡುವವರು ಮೊದಲು ದುಡ್ಡು ಕೇಳುವುದಿಲ್ಲ ಎಂಬ ಪಾಠಕ್ಕೆ ನಾನು ತೆತ್ತ ಬೆಲೆ ಅಷ್ಟು. ಚೀಟಿ ಹಾಕಿಯೂ ನೋಡಿದೆ. ಜೂನ್‌ನಲ್ಲಿ ಎಲ್ಲರಿಗೂ ದುಡ್ಡು ಬೇಕಾಗುವುದರಿಂದ ಆ ತಿಂಗಳು ಕೂಗಿನಲ್ಲಿ ಕಳೆದುಕೊಳ್ಳುವ ಮೊತ್ತ ಬ್ಯಾಂಕಿನ ಬಡ್ಡಿಗಿಂತ ಹೆಚ್ಚಾಗುತ್ತದೆ. ಶುಲ್ಕಕ್ಕೆ ಚೀಟಿ ಆಗದು. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ಅರಿವು ಶಿಕ್ಷಣ ಸಾಲ ಶೇಕಡಾ 2ರ ಬಡ್ಡಿಯದು, ಬಹಳ ಒಳ್ಳೆಯದು. ಆದರೆ ನನಗೆ ನಾಲ್ಕು ವರ್ಷಕ್ಕೂ ಮೊದಲೇ ಒಂದು ಮಂಜೂರಾತಿ ಪತ್ರ ಕೈಯಲ್ಲಿರಬೇಕಿತ್ತು, ಒಂದೇ ಶುಲ್ಕಕ್ಕೆ ಎರಡು ಕಡೆ ಸಾಲ ಮಾಡುವುದು ಸರಿಯೆನಿಸದೆ ಅದನ್ನು ಬಿಟ್ಟೆ. ನಿಮ್ಮ ಊರಿನಲ್ಲಿ ಸಕಾಲಕ್ಕೆ ಸಿಗುವುದಾದರೆ ಮೊದಲು ಅದನ್ನೇ ನೋಡಿ.

ರೈತ ವಿದ್ಯಾನಿಧಿಯ ವಿಷಯದಲ್ಲಿ ಒಂದು ಮಾತು. ಮೊದಲ ಕಂತು ಪಾವತಿಯಾಗಿದೆ ಎಂದು ಪೋರ್ಟಲ್ ತೋರಿಸುತ್ತಿತ್ತು, ಪಾಸ್‌ಬುಕ್‌ನಲ್ಲಿ ಇರಲಿಲ್ಲ. ನನ್ನ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಸರಿಯಿತ್ತು, ಖಾತೆ ಸಂಖ್ಯೆ ಸರಿಯಿತ್ತು. ಎರಡು ತಿಂಗಳು ಅಲೆದ ಮೇಲೆ ತಿಳಿದದ್ದು ಇಷ್ಟು: ನೇರ ವರ್ಗಾವಣೆಯ ಹಣ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐನ ಮ್ಯಾಪಿಂಗ್ ಪಟ್ಟಿಯಲ್ಲಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಅವಳು ಆರನೆಯ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ತೆರೆಸಿದ್ದ ಶೂನ್ಯ ಶಿಲ್ಕಿನ ಖಾತೆಯೊಂದಕ್ಕೆ ಹನ್ನೊಂದು ಸಾವಿರ ಹೋಗಿ ಕುಳಿತಿತ್ತು. ಕೆವೈಸಿ ಕೊಟ್ಟು ಆ ಹಣ ತೆಗೆದೆವು. ಕಿರಿಯಳಿಗೆ ಪಿಯುಸಿಯಲ್ಲಿದ್ದಾಗಲೇ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ತೆರೆಸಿ ಆಧಾರ್ ಸೀಡಿಂಗ್ (ಜೋಡಣೆ) ಮಾಡಿಸಿದೆ. ಅವಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ ಇತ್ತು. ಅಂಕಪಟ್ಟಿಯಂತೆಯೇ ಆಧಾರ್ ತಿದ್ದಿಸಿದೆ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನೂ ಅದೇ ಹೆಸರಿನಲ್ಲಿ ಮಾಡಿಸಿ ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಫೈಲಿನ ರಟ್ಟಿನ ಮೇಲೆ ದಪ್ಪಗೆ ಬರೆದಿಟ್ಟೆ.

ಬಡ್ಡಿ ಸಹಾಯಧನದಲ್ಲಿಯೂ ಎಡವಿದ್ದೆ. ವಾರ್ಷಿಕ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು ವೃತ್ತಿಪರ ಕೋರ್ಸ್ ಓದುವವರಿಗೆ ಓದಿನ ಅವಧಿ ಮತ್ತು ನಂತರದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಎಂಬ ಗುಣಮಟ್ಟದ ಮಾನ್ಯತೆ ಇರಬೇಕು. ಇದು ತಾನಾಗಿಯೇ ಬರುತ್ತದೆಂದು ನಂಬಿದ್ದೆ. ಎರಡನೆಯ ವರ್ಷದ ಕೊನೆಗೆ ಖಾತೆಯ ವಿವರ ತೆಗೆಸಿದಾಗ ಹದಿನೆಂಟು ಸಾವಿರದ ಸಮೀಪ ಬಡ್ಡಿ ಅಸಲಿಗೆ ಸೇರಿತ್ತು. ನಮ್ಮ ಆದಾಯ ಪ್ರಮಾಣಪತ್ರ ಶಾಖೆಯ ಕಡತದಲ್ಲಿತ್ತು, ಕ್ಲೇಮ್ ಮಾತ್ರ ಈ ಯೋಜನೆಯ ಹೊಣೆ ಹೊತ್ತ ನೋಡಲ್ ಬ್ಯಾಂಕಾದ ಕೆನರಾ ಬ್ಯಾಂಕಿಗೆ ಹೋಗಿರಲಿಲ್ಲ. ಹೊಸದಾಗಿ ಬಂದಿದ್ದ ಅಧಿಕಾರಿಣಿಯೊಬ್ಬರು ಸಮಾಧಾನದಿಂದ ಕೇಳಿಸಿಕೊಂಡು ಮುಂದಿನ ಕ್ಲೇಮಿನಲ್ಲಿ ಸೇರಿಸಿದರು, ಹಣ ಬಂದು ಅಸಲಿನಿಂದ ಇಳಿಯಿತು. ಅಂದಿನಿಂದ ಪ್ರತಿ ವರ್ಷ ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡೇ ಬರುತ್ತೇನೆ.

2023ರಲ್ಲಿ ಕಿರಿಯಳು ಸೇರಿದಾಗ ಇದೆಲ್ಲ ಕೈಯಲ್ಲಿತ್ತು. 2015ರಲ್ಲಿ ಸುಕನ್ಯಾ ಸಮೃದ್ಧಿ ಬಂದಾಗ ತಿಂಗಳಿಗೆ ಸಾವಿರದಂತೆ ತೆರೆದ ಅವಳ ಖಾತೆಯಿಂದ ಶಿಕ್ಷಣಕ್ಕೆಂದು ಅರ್ಧ ಹಣ ತೆಗೆದೆ, ಅರವತ್ತೈದು ಸಾವಿರ ಬಂತೆಂದು ನೆನಪು. ಅವಳ ಪ್ರಗತಿ ಅರ್ಜಿ ಹಾಕಿದ ಮೂರನೆಯ ದಿನ ನಾನೇ ಕಾಲೇಜಿಗೆ ಹೋಗಿ ನೋಡಲ್ ಅಧಿಕಾರಿಯ ಮೇಜಿನ ಮುಂದೆ ಕುಳಿತೆ. ಅವರು ಬೇಸರಿಸಲಿಲ್ಲ, "ಒಳ್ಳೇದಾಯ್ತು ಬಂದ್ರಿ ಸರ್, ನಿಮ್ಮ ಮಗಳ ಜೊತೆ ಇನ್ನೂ ಆರು ಹುಡುಗೀರದ್ದು ಬಾಕಿ ಇದೆ" ಎನ್ನುತ್ತ ನಾನಿದ್ದಂತೆಯೇ ಏಳು ಅರ್ಜಿಗಳನ್ನೂ ಪರಿಶೀಲಿಸಿ ಕಳುಹಿಸಿದರು. ಮುಂದಿನ ವರ್ಷ ಅವಳ ಅಂಚೆ ಖಾತೆಗೆ 50,000 ಬಂತು. ಪ್ರಗತಿಯ ಜೊತೆಗೆ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವಂತಿಲ್ಲವಾದ್ದರಿಂದ ಬೇರೆ ಯಾವುದಕ್ಕೂ ಅರ್ಜಿ ಹಾಕಿಸಲಿಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾದ ಪಿಎಂ ವಿದ್ಯಾಲಕ್ಷ್ಮಿ ಎಂಬ ಕೇಂದ್ರದ ಶಿಕ್ಷಣ ಸಾಲ ಯೋಜನೆಯನ್ನೂ ನೋಡಿದೆ; ಅದು ಆಯ್ದ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಮಾತ್ರ, ಅವಳ ಕಾಲೇಜು ಪಟ್ಟಿಯಲ್ಲಿಲ್ಲ. ಅವಳ ಹೆಸರಿನಲ್ಲಿ ಈವರೆಗೆ ತೆಗೆದ ಸಾಲ ಎಪ್ಪತ್ತು ಸಾವಿರ ದಾಟಿಲ್ಲ.

ನಮ್ಮ ಸುತ್ತಲಿನ ನಾಲ್ಕು ಊರುಗಳ ಹದಿನಾಲ್ಕು ಮಕ್ಕಳ ಫೈಲುಗಳನ್ನು ಇದೇ ಕ್ರಮದಲ್ಲಿ ಕಟ್ಟಿಸಿದ್ದೇನೆ, ಅವರಲ್ಲಿ ಹನ್ನೆರಡು ಮಕ್ಕಳಿಗೆ ಸಾಲವೋ ವಿದ್ಯಾರ್ಥಿವೇತನವೋ ದೊರೆತಿದೆ. ಹಿರಿಯಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಿನಿಂದಲೇ, ಕಂತು ಶುರುವಾಗುವ ಮೊದಲೇ, ಸಾಲದ ಖಾತೆಗೆ ತಿಂಗಳಿಗೆ ಆರು ಸಾವಿರ ಕಟ್ಟುತ್ತಿದ್ದಾಳೆ. ಕಳೆದ ಯುಗಾದಿಗೆ ಬಂದಿದ್ದ ಭಾವನವರು ತಮ್ಮ ಮೊಮ್ಮಗನ ಪಿಯುಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಚೀಲದಿಂದ ತೆಗೆದು ನನ್ನ ಮುಂದಿಟ್ಟರು. ಎರಡರಲ್ಲೂ ಹೆಸರು ಬೇರೆ ಬೇರೆ ಇತ್ತು. ಮರುದಿನ ಬೆಳಗ್ಗೆ ಹಾಲು ಕಳುಹಿಸಿದ ಮೇಲೆ ಇಬ್ಬರೂ ಆಧಾರ್ ಕೇಂದ್ರಕ್ಕೆ ಹೊರಟೆವು.